ದ್ರಾಕ್ಷಿ ತೋಟಕ್ಕೆ ಹೋದ ಕ್ಯಾಮೆರಾ

ಐವತ್ತಾರನೇ ಇಸವಿಯಲ್ಲಿ ರಾಜಾಜಿನಗರದ ಛಾಯಾಚಕ್ರವರ್ತಿ ವೆಂಕಟಗಿರಿ ಒಂದು ಭೀಷ್ಮಪ್ರತಿಜ್ಞೆ ಮಾಡಿದ. ಇನ್ನು ಮೇಲೆ ಯಾವ ಸಂಸಾರವನ್ನೂ ಸ್ಟುಡಿಯೋದ ಕುರ್ಚಿಯಲ್ಲಿ ಗೂಟ ಹೊಡೆದಂತೆ ಕೂರಿಸುವುದಿಲ್ಲ. ದ್ರಾಕ್ಷಿ ತೋಟದಲ್ಲಿ, ಗೊಂಚಲುಗಳ ನಡುವೆ, ನಗುನಗುತ್ತಾ ನಿಲ್ಲಿಸಿಯೇ ಫೋಟೋ ತೆಗೆಯುವುದು! ಚಕ್ರವರ್ತಿ ಎಂಬ ಬಿರುದನ್ನು ಅವನೇ ಬೋರ್ಡಿನ ಮೇಲೆ ಬರೆಸಿಕೊಂಡಿದ್ದ. ಯಾರೂ ಆಕ್ಷೇಪಿಸಿರಲಿಲ್ಲ, ಏಕೆಂದರೆ ಸ್ಟುಡಿಯೋಗೆ ಯಾರೂ ಬರುತ್ತಿರಲಿಲ್ಲ.

ಹೆಂಡತಿ ಅನಂತಲಕ್ಷ್ಮಿ ಗಡುವು ಕೊಟ್ಟಿದ್ದಳು. ಅವಳ ಅಣ್ಣ ಗಿರಣಿಯ ಆಫೀಸಿನಲ್ಲಿ ಒಂದು ಗುಮಾಸ್ತೆ ಕೆಲಸ ಹಿಡಿದಿಟ್ಟಿದ್ದ. ತೋಟದ ಫೋಟೋ ನೋಡಿ ಸೋಮವಾರದೊಳಗೆ ಒಬ್ಬನೇ ಒಬ್ಬ ಗಿರಾಕಿ ಬರದಿದ್ದರೆ ಸ್ಟುಡಿಯೋಗೆ ಬೀಗ, ಚಕ್ರವರ್ತಿ ಗಿರಣಿಗೆ.

ವೆಂಕಟಗಿರಿ ಸೈಕಲ್ ತುಳಿದು ಸುಂಕದಕಟ್ಟೆಯ ಮುನಿವೆಂಕಟಪ್ಪನ ತೋಟಕ್ಕೆ ಹೋದ. ಅವರ ಮನೆಯವರ ಫೋಟೋ ಪುಕ್ಕಟೆ ತೆಗೆದುಕೊಡುವುದು, ಬದಲಿಗೆ ಭಾನುವಾರ ಬೇರೆ ಸಂಸಾರಗಳನ್ನು ಅಲ್ಲಿಗೆ ಕರೆತರುವುದು, ಇದು ಕರಾರು. ಮುನಿವೆಂಕಟಪ್ಪ ತಲೆಯಾಡಿಸಿದ. ಅವನ ತಾಯಿ ಮುನಿತಾಯಮ್ಮ ಮಾತ್ರ ಕ್ಯಾಮೆರಾವನ್ನು ಸುತ್ತು ಹಾಕಿ ನೋಡಿದಳು. ಒಂದರ ಕೆಳಗೊಂದು ಎರಡು ಗಾಜಿನ ಕಣ್ಣಿದ್ದ ಕ್ಯಾಮೆರಾ ಅದು.

"ಇದು ನೋಡಿದ್ದನ್ನೆಲ್ಲಾ ಹಿಡ್ಕಂತದಾ?"

"ಎಲ್ಲಾನೂ ಅಜ್ಜಿ. ಎಲೆ ಮೇಲಿನ ನರಾನೂ ಬಿಡಲ್ಲ. ಕೆಳಗಿನ ಕಣ್ಣು ಮಹಾ ಚುರುಕು," ಎಂದು ಚಕ್ರವರ್ತಿ ಎದೆಯುಬ್ಬಿಸಿದ. ಬಾಯಿ ಮುಚ್ಚಿಕೊಂಡಿದ್ದರೆ ಬದುಕುತ್ತಿದ್ದ.

ಹಣ್ಣು ಬಲಿತಿರುವಾಗ ಇಂಥ ಕಣ್ಣು ತೋಟದ ಮೇಲೆ ಬೀಳಬಾರದು ಎಂದು ಮುದುಕಿ ಹಟ ಹಿಡಿದಳು. ಕೊನೆಗೆ, ದೃಷ್ಟಿಗೆ ತನ್ನ ಕ್ರಮದಲ್ಲಿ ಏನು ಮಾಡಬೇಕೋ ಮಾಡಿಕೊಳ್ಳುತ್ತೇನೆ, ಅಡ್ಡಿ ಬರಕೂಡದು ಎಂದಳು. ವೆಂಕಟಗಿರಿ ವರ ಕೊಡುವವನಂತೆ ಕೈಯೆತ್ತಿ ಒಪ್ಪಿದ.

ಮುದುಕಿ ಕಾಡಿಗೆ ಡಬ್ಬಿ ಹಿಡಿದು ಮಕ್ಕಳ ಕೆನ್ನೆಗೆಲ್ಲಾ ಬೊಟ್ಟಿಡುತ್ತಾ ಓಡಾಡಿದಳು. ವೆಂಕಟಗಿರಿ ಕ್ಯಾಮೆರಾಗೆ ಬೆನ್ನು ತಿರುಗಿಸಿ ಮನೆಮಂದಿಯನ್ನು ನಗಿಸುವುದರಲ್ಲೇ ಅರ್ಧ ಗಂಟೆ ಕಳೆದ. ಅವರೋ ಕೋರ್ಟಿನಲ್ಲಿ ಸಾಕ್ಷಿಗೆ ಬಂದವರಂತೆ ನಿಂತಿದ್ದರು. ಸ್ವಲ್ಪ ನಗಿ ಎಂದು ಅಂಗಲಾಚಿದ.

"ಬೆಳೆ ಇನ್ನೂ ಮಾರಿಲ್ಲ ಸ್ವಾಮಿ," ಎಂದ ಮುನಿವೆಂಕಟಪ್ಪ. "ಈಗ್ಲೇ ನಗೋದು ಹೆಂಗೆ?"

ಅಂತೂ ಇಂತೂ ಹನ್ನೆರಡು ಫೋಟೋ ಹೊಡೆದು, ದಿಗ್ವಿಜಯ ಮುಗಿಸಿದವನಂತೆ ವೆಂಕಟಗಿರಿ ಮನೆಗೆ ಬಂದ. ರೋಲು ತೊಳೆದು ನೋಡಿದರೆ ಅದರಲ್ಲಿ ಏನೂ ಇಲ್ಲ! ಆದರೂ ಸೋಲೊಪ್ಪುವ ಜಾತಿಯಲ್ಲ ಅವನದು. ಹನ್ನೆರಡನ್ನೂ ಪ್ರಿಂಟ್ ಹಾಕಿದ. ಹನ್ನೆರಡೂ ಕಪ್ಪು, ಕಾವಲಿಯ ತಳದ ಹಾಗೆ. ಕ್ಯಾಮೆರಾ ತಿರುಗಿಸಿದಾಗ ಜೀವ ಬಾಯಿಗೆ ಬಂತು. ಅವನು ಇಣುಕಿ ನೋಡುವ ಮೇಲಿನ ಕಣ್ಣು ಫಳಫಳ ಹೊಳೆಯುತ್ತಿತ್ತು. ಫೋಟೋ ಹಿಡಿಯುವ ಕೆಳಗಿನ ಕಣ್ಣಿಗೆ ಹರಳೆಣ್ಣೆ ಕಾಡಿಗೆಯನ್ನು ಹೆಬ್ಬೆರಳಿನಗಲ ಮೆತ್ತಲಾಗಿತ್ತು.

ಮರುದಿನ, ಶನಿವಾರ, ಕಪ್ಪು ಫೋಟೋಗಳನ್ನು ಹಿಡಿದು ಜಗಳಕ್ಕೇ ಹೋದ. ಮುನಿತಾಯಮ್ಮ ಎಳ್ಳಷ್ಟೂ ಅಳುಕಲಿಲ್ಲ.

"ನೋಡೋ ಕಣ್ಣಿಗೆ ತಾನೆ ಬೊಟ್ಟಿಡ್ಬೇಕು? ಚುರುಕು ಯಾವುದು ಅಂತ ನೀವೇ ತೋರ್ಸಿದ್ರಿ." ಒಂದು ಫೋಟೋವನ್ನು ಬೆಳಕಿಗೆ ಹಿಡಿದು ಅವಳು ನಿಟ್ಟುಸಿರು ಬಿಟ್ಟಳು. "ಅಬ್ಬಾ, ಏನು ದೃಷ್ಟಿಯಪ್ಪಾ! ಎಲ್ಲಾ ಈ ಕಾಗದಕ್ಕೇ ಇಳಿದೈತೆ. ಬಳ್ಳಿ ಮೇಲೆ ಬಿದ್ದಿದ್ರೆ ಏನು ಗತಿ?"

ಇನ್ನೊಂದು ಸಲ ತೆಗೆಯುತ್ತೇನೆಂದು ಅವನು ಕೈಮುಗಿದ. ಅವಳು ಕಿವಿಗೇ ಹಾಕಿಕೊಳ್ಳದೆ ಆ ಫೋಟೋವನ್ನು ತೋಟದ ಬಾಗಿಲಿಗೆ ಮೊಳೆ ಹೊಡೆದು ತೂಗುಹಾಕಿದಳು.

ಸೋಮವಾರ ಬೆಳಿಗ್ಗೆ ವೆಂಕಟಗಿರಿ ಗಿರಣಿಗೆ ಹೊರಡಲು ಕೋಟು ಹಾಕಿಕೊಂಡ. ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬ ರೈತ ನಿಂತಿದ್ದ. ಮುನಿವೆಂಕಟಪ್ಪನ ಪಕ್ಕದ ತೋಟದ ಕೆಂಚಪ್ಪ ತಾನು, ಅಲ್ಲಿ ತೂಗುಹಾಕಿರುವ ಫೋಟೋ ನೋಡಿ ಬಂದೆ ಎಂದ. ಗಿರಾಕಿ! ಕೋಟು ಕಳಚಿದ್ದೂ ಕ್ಯಾಮೆರಾ ಹೆಗಲಿಗೇರಿದ್ದೂ ಒಟ್ಟಿಗೇ. ನಿಮ್ಮ ಮನೆಯವರಿಗೆಲ್ಲಾ ಮಡಿಬಟ್ಟೆ ಉಡಿಸಿ ನಿಲ್ಲಿಸಿ, ಈಗಲೇ ಬಂದೆ ಎಂದ.

ಕೆಂಚಪ್ಪ ಗಾಬರಿಯಿಂದ ಎರಡು ಹೆಜ್ಜೆ ಹಿಂದೆ ಸರಿದ.

"ನೀವು ಬರೋದು ಬ್ಯಾಡ ಸ್ವಾಮಿ. ಆ ಕರೀದೇ ಒಂದು ಕೊಟ್ಬಿಡಿ, ಬಾಗ್ಲಿಗೆ ಕಟ್ಕಂತೀನಿ. ಊರಲ್ಲಿ ಇನ್ನೂ ನಾಕು ಜನ ಕೇಳ್ತಾವ್ರೆ."

ಒಳಗಿನಿಂದ ಅನಂತಲಕ್ಷ್ಮಿ ಉಳಿದ ಹನ್ನೊಂದು ಫೋಟೋಗಳನ್ನು ತಂದು ಮೇಜಿನ ಮೇಲಿಟ್ಟಳು. ಗಂಡನ ಹೆಗಲಿನಿಂದ ಕ್ಯಾಮೆರಾವನ್ನು ಮೆಲ್ಲಗೆ ಇಳಿಸಿಕೊಂಡಳು.

"ಗಿರಣಿಗೆ ಹೋಗೋದು ಬೇಡ ಬಿಡಿ," ಎಂದಳು. "ಇದನ್ನ ಮಾತ್ರ ಪೆಟ್ಟಿಗೇಲಿ ಇಡ್ತೀನಿ. ಇದರಲ್ಲಿ ಏನಾದ್ರೂ ಮೂಡಿಬಿಟ್ರೆ ಇರೋ ವ್ಯಾಪಾರಾನೂ ಕೆಡುತ್ತೆ."