ಬಂಗುಡೆಯ ತಲೆ ಮತ್ತು ಜಪಾನಿನ ದೆವ್ವ

"ಹೆದರಿಕೆಯಾ? ಈ ಲೋಕನಾಥನಿಗಾ? ನನ್ನನ್ನು ಕಂಡರೆ ದೆವ್ವವೇ ದಾರಿ ಬಿಡಬೇಕು!"

ತೋಡಾರಿನ ಮನೆಯಿಂದ ಲೋಕನಾಥ ಫೋನಿನಲ್ಲಿ ಹೀಗೆ ಘರ್ಜಿಸಿದ. ಮಗಳ ಬಾಣಂತನಕ್ಕೆಂದು ಮಸ್ಕತ್ತಿಗೆ ಹೋದ ಹೆಂಡತಿ ಶಶಿಪ್ರಭಾ, "ಒಬ್ಬರೇ ಇರ್ಲಿಕ್ಕೆ ಬೇಜಾರಾದರೆ ಹೇಳಿ, ಬೇಗ ಬರ್ತೇನೆ" ಎಂದಿದ್ದಳು, ಅಷ್ಟೆ. ಅವಳು ಕೇಳಿದ್ದು ಬೇಜಾರಿನ ಪ್ರಶ್ನೆ, ಇವನು ಬರೆದದ್ದು ಹೆದರಿಕೆಯ ಉತ್ತರ. ಗಂಡಸರಿಗೆ ಬೇಜಾರು ಸಿಲೆಬಸ್ಸಿನಲ್ಲೇ ಇಲ್ಲವಲ್ಲ!

ಮಾತು ಉಳಿಸಿಕೊಳ್ಳಲು ಭಾನುವಾರ ಮಧ್ಯಾಹ್ನ ಕಿಟಕಿಯ ಪರದೆ ಎಳೆದು ಟಿವಿಯ ಮುಂದೆ ಕೂತ. ಒಂದೇ ದೆವ್ವದ ಕತೆಯ ಎರಡು ಸಿನಿಮಾ: ಜಪಾನಿನವರು ಮೊದಲು ತೆಗೆದದ್ದು, ಅಮೆರಿಕದವರು ಮತ್ತೆ ತೆಗೆದದ್ದು.

ಮೊದಲು ಅಮೆರಿಕದ್ದು. ಮನೆ ಮದುವೆ ಹಾಲಿನಷ್ಟು ದೊಡ್ಡದು. ದೆವ್ವ ಬರುವ ಮೊದಲೇ ಬ್ಯಾಂಡ್ ಸೆಟ್! ಬಂದ ಮೇಲೆ ಕಿರುಚಾಟ, ಪೊಲೀಸು, ದೆವ್ವದ ಹುಟ್ಟೂರು ಜಾತಕಗಳ ವಿವರಣೆ. ಬಾಯಿ ಹೆಚ್ಚು, ಭಯ ಕಡಿಮೆ. ಬಹಳ ದಿನಗಳ ನಂತರ ಮನೆಯಲ್ಲಿ ಅಷ್ಟು ಸದ್ದಾದದ್ದಕ್ಕೆ ಲೋಕನಾಥನಿಗೆ ಖುಷಿಯೇ ಆಯಿತು.

ಆಮೇಲೆ ಜಪಾನಿನದು. ಸದ್ದೇ ಇಲ್ಲ. ಸಣ್ಣ ಅಡುಗೆಮನೆ, ಕವುಚಿಟ್ಟ ಒಂದೇ ಬಟ್ಟಲು. ಮೂಲೆಯಲ್ಲಿ ಮುಖದ ಮೇಲೆ ಕೂದಲು ಇಳಿಬಿಟ್ಟ ಹೆಂಗಸು. ಯಾರಿಗೂ ಏನೂ ಮಾಡುವುದಿಲ್ಲ ಮಾರಾಯ್ರೆ! ಯಾರೋ ಬರುವವರಿದ್ದಾರೆ ಎಂಬಂತೆ ಸುಮ್ಮನೆ ನಿಂತಿದ್ದಾಳೆ.

ಟಿವಿ ಆರಿಸಿ ತಿರುಗಿದರೆ ತನ್ನದೇ ಅಡುಗೆಮನೆ. ಕವುಚಿಟ್ಟ ಒಂದೇ ಬಟ್ಟಲು!

ಆ ಹೆಂಗಸು ಇಲ್ಲಿಗೇ ಬಂದುಬಿಟ್ಟಳೇ ಎಂದು ಮೂಲೆ ಮೂಲೆ ನೋಡಿದ. ಇಂಥದ್ದಕ್ಕೆ ಊರಿನಲ್ಲಿ ಮದ್ದು ಉಂಟು. ತೀರಿಹೋದವರಿಗೆ ಅವರ ಇಷ್ಟದ ಅಡುಗೆ ಎಲೆಯಲ್ಲಿ ಬಡಿಸಿ, ಬಾಗಿಲೆಳೆದು ಹೊರಗೆ ನಿಂತರೆ ಅವರು ಉಂಡು ಹೋಗುತ್ತಾರೆ. 'ಪಾಪ, ಇವಳಿಗೆ ಯಾರೂ ಬಡಿಸಿರಲಿಕ್ಕಿಲ್ಲ. ಜಪಾನಿನವಳು, ಮೀನಾದರೆ ಬೇಡ ಎನ್ನಲಿಕ್ಕಿಲ್ಲ!' ಇಬ್ಬರಿಗಾಗುವಷ್ಟು ಮಾಡುವ ಅಭ್ಯಾಸ ಅವನಿಗಿನ್ನೂ ತಪ್ಪಿರಲಿಲ್ಲ. ಮಧ್ಯಾಹ್ನದ ಪುಳಿಮುಂಚಿ ಸಾರಿನಲ್ಲಿ ಬಂಗುಡೆ ಮೀನಿನ ತಲೆಗಳೆಲ್ಲ ಹಾಗೇ ಉಳಿದಿದ್ದವು. ಅವನ್ನು ತಿನ್ನುವವಳು ಮಸ್ಕತ್ತಿನಲ್ಲಿದ್ದಳು. ಅವನ್ನೇ ಬಡಿಸಿ, ಬಾಗಿಲೆಳೆದು, ಜಗಲಿಯಲ್ಲಿ ಕೈಮುಗಿದು ನಿಂತ.

ಅಷ್ಟರಲ್ಲಿ ಆಚೆಮನೆಯ ರುಕ್ಮಯ್ಯ ಬಂದ. "ಎಂತ ಲೋಕಣ್ಣ, ಹೊರಗೆ ನಿಂತದ್ದು?"

ದೆವ್ವದ ಹೆದರಿಕೆ ಎಂದು ಹೇಳುವುದು ಹೇಗೆ! ಲೋಕನಾಥ ತಲೆ ತಗ್ಗಿಸಿದ. ರುಕ್ಮಯ್ಯ ಕಿಟಕಿಯಲ್ಲಿ ಇಣುಕಿದ. ಕತ್ತಲೆ ಕೋಣೆ, ಮೂಲೆಯಲ್ಲಿ ಎಲೆ, ಎಲೆ ತುಂಬ ಬಂಗುಡೆಯ ತಲೆ! ಊರಿನಲ್ಲಿ ಅದಕ್ಕಾಗಿ ಜಗಳ ಮಾಡುವವಳು ಒಬ್ಬಳೇ, ಶಶಿಪ್ರಭಾ. ಕೇಳಿ ನೋಯಿಸಬಾರದೆಂದು ಕಣ್ಣೊರೆಸಿಕೊಂಡು ಹೋದ.

ಸಂಜೆಯೊಳಗೆ ಅಂಗಳದಲ್ಲಿ ಬಾಡಿಗೆ ಕುರ್ಚಿ, ಬಿಳಿ ಪಂಚೆಗಳು. ಯಾರು ಸತ್ತರೆಂದು ಲೋಕನಾಥ ಕೇಳುವ ಮೊದಲೇ ಫೋನು ಬಡಿದುಕೊಂಡಿತು.

"ಎಂತ ಮಾರಾಯ್ರೆ, ನಾನು ಸತ್ತದ್ದು ನನಗೊಬ್ಬಳಿಗೇ ಗೊತ್ತಿಲ್ಲವಾ? ಬೆಳ್ತಂಗಡಿಯ ಚಿಕ್ಕಮ್ಮ 'ಶಶಿಯನ್ನು ಯಾವಾಗ ತರ್ತೀರಿ' ಅಂತ ನನ್ನ ಹತ್ರವೇ ಅಳ್ತಾರೆ!"

ಎಲ್ಲ ಹೇಳಿದ. ಶಶಿಪ್ರಭಾ ಕಿರುಚಲಿಲ್ಲ, ಜಪಾನಿನ ದೆವ್ವದಂತೆ ಮೆಲ್ಲಗೆ ಕೇಳಿದಳು.

"ಹೆದರಿದಿರಾ?"

"ಹೆದರಿಕೆ ಅಲ್ಲ, ಮಾರಾಯ್ತಿ..." ಅವನ ಸ್ವರ ಇಳಿಯಿತು. "ಬೇಜಾರು."

"ಅದನ್ನು ಹೇಳ್ಲಿಕ್ಕೆ ನನ್ನನ್ನು ಕೊಲ್ಲಬೇಕಿತ್ತಾ? ಮುಂದಿನ ವಾರವೇ ಬರ್ತೇನೆ. ಆ ತಲೆಗಳನ್ನು ಫ್ರಿಜ್ಜಿನಲ್ಲಿಡಿ!"

ಫೋನು ಹಿಡಿದುಕೊಂಡೇ ಬಾಗಿಲು ತೆರೆದ. ಎಲೆ ಖಾಲಿ! ಲೋಕನಾಥ ಕಿರುಚಿದ, ಅಪ್ಪಟ ಅಮೆರಿಕದ ಶೈಲಿಯಲ್ಲಿ. ಕಿಟಕಿಯ ಮೇಲೆ ರುಕ್ಮಯ್ಯನ ಬೆಕ್ಕು ಕೂತು ಮೀಸೆ ನೆಕ್ಕುತ್ತಿತ್ತು.

ಮಸ್ಕತ್ತಿನಿಂದ ತಣ್ಣಗೆ ಕೇಳಿಸಿತು: "ಎಂತ, ದೆವ್ವ ದಾರಿ ಬಿಟ್ಟಿತಾ?"