ಹುಣಸೆ ಇಲ್ಲದ ತಂತಿ

ನಮ್ಮ ಸೋದರಮಾವ ಸಾಕ್ಷಾತ್ ದೇವರೇ ಬಂದು ಎದುರಿಗೆ ನಿಂತರೂ ಮೊದಲು ಹೆಬ್ಬೆಟ್ಟು ಒತ್ತಿಸಿಕೊಂಡು ಆಮೇಲೆ ಕೈ ಮುಗಿಯುವವರು! ಹೊಸೂರಿನ ರಿಜಿಸ್ಟ್ರಾರ್ ಕಚೇರಿಯ ಜಗಲಿಯಲ್ಲಿ ಕೂತು ಕ್ರಯಪತ್ರ, ದಾನಪತ್ರ ಬರೆಯುವುದು ಅವರ ಕಸುಬು. ರುಜು ಇಲ್ಲದ ಕಾಗದ ಅವರ ಲೆಕ್ಕದಲ್ಲಿ ಬೋಂಡ ಕಟ್ಟಲಿಕ್ಕೆ ಮಾತ್ರ.

ಹಾಗಿರುವಾಗ ಅಂಚೆ ಕಚೇರಿಯಿಂದ ಬರುವ ತಂತಿಯನ್ನು, ಅಂದರೆ ಟೆಲಿಗ್ರಾಮನ್ನು, ನಂಬುತ್ತಾರೆಯೇ? ಅದರಲ್ಲಿ ರುಜುವೂ ಇಲ್ಲ, ಕೈಬರಹವೂ ಇಲ್ಲ!

ಮಾವ ನನಗೆ ಹೇಳುತ್ತಿದ್ದರು: "ಕೇಳ್ಲಾ, ಕಾನೂನು ಹೇಳ್ತೀನಿ. ಅಲ್ಲಿ ಕೊಟ್ಟಿದ್ದೇ ಇಲ್ಲಿ ಬಂದೈತೆ ಅಂತ ಕೋರ್ಟು ನಂಬಬೋದು. ಕೊಟ್ಟೋನು ಯಾರು ಅಂತ ಮಾತ್ರ ನಂಬಂಗಿಲ್ಲ!"

ಈ ಜ್ಞಾನ ಬರೀ ಪುಸ್ತಕದಿಂದ ಬಂದದ್ದಲ್ಲ. ಹಿಂದೊಮ್ಮೆ ಟೀ ಅಂಗಡಿಯ ಗೆಳೆಯರು ತಮಾಷೆಗೆ ನಮ್ಮ ಅಮ್ಮನ ಹೆಸರಿನಲ್ಲಿ ಸೂಳಗಿರಿಯಿಂದ ತಂತಿ ಕೊಟ್ಟಿದ್ದರು: ಹೆಣ್ಣು ನೋಡುವುದಿದೆ, ಕೂಡಲೇ ಹೊರಡು! ಮಾವ ಹೊಸ ಪಂಚೆ ಉಟ್ಟು, ಸೆಂಟು ಬಳಿದುಕೊಂಡು ಹೋಗಿ, ಅಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ಸಂಜೆಯವರೆಗೆ ನಿಂತು ಬಂದರು. ಅಂದಿನಿಂದ ಮದುವೆಯ ಮಾತೂ ಇಲ್ಲ, ತಂತಿಯ ಮೇಲೆ ನಂಬಿಕೆಯೂ ಇಲ್ಲ.

ಆಗ ಹುಟ್ಟಿದ್ದು ಮನೆಯ ಹೊಸ ಕಾಯಿದೆ. ನಮ್ಮವರು ಕೊಡುವ ಪ್ರತಿ ತಂತಿಯ ಕೊನೆಗೂ 'ಹುಣಸೆ' ಎಂದಿರಬೇಕು. ಅಮ್ಮ ಚಿಕ್ಕವಳಿದ್ದಾಗ ಹುಣಸೆಮರ ಹತ್ತಿ ಇಳಿಯಲಾರದೆ ಅತ್ತಿದ್ದಳಂತೆ, ಮಾವ ಹೆಗಲು ಕೊಟ್ಟು ಇಳಿಸಿದ್ದರಂತೆ. ಆ ಗುಟ್ಟಿನ ಪದ ಗೊತ್ತಿದ್ದದ್ದು ಅವರಿಗೆ, ಅಮ್ಮನಿಗೆ, ಅಪ್ಪನಿಗೆ, ನನಗೆ. ನಾನು ಅಪ್ಪ ಅಮ್ಮ ಇದ್ದ ರಾಯಕೋಟೆಗೆ 'ಹಬ್ಬಕ್ಕೆ ಬರುತ್ತೇನೆ ಹುಣಸೆ' ಎಂದು ತಂತಿ ಕೊಡಲು ಹೋದರೆ ತಮಿಳು ಗುಮಾಸ್ತ ಕನ್ನಡಕದ ಮೇಲಿಂದ ನೋಡಿದ. "ಪುಳಿ ಎದುಕ್ಕು ಸಾರ್? ಹುಣಸೆ ಅಂಗಡೀಲೇ ಸಿಕ್ತದಲ್ಲ!"

ನಾನು ಹೊಸೂರಿನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ಮಾವನ ಮನೆಯಲ್ಲೇ ಇದ್ದ ಕಾಲ ಅದು. ಒಂದು ಬೆಳಿಗ್ಗೆ ತಂತಿ ಬಂತು: 'ಅಮ್ಮನಿಗೆ ಸೀರಿಯಸ್. ಕೃಷ್ಣಗಿರಿ ಆಸ್ಪತ್ರೆ. ಕೂಡಲೇ ಹೊರಡಿ.'

ಹುಣಸೆ ಇರಲಿಲ್ಲ.

ನಾನು ಅದನ್ನು ಮಾವನ ಕೈಗೆ ಕೊಟ್ಟೆ. ಮಾವ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ, ಬೆಳಕಿಗೆ ಹಿಡಿದು, "ಸುಳ್ಳು ತಂತಿ" ಎಂದು ತೀರ್ಪು ಕೊಟ್ಟೇಬಿಟ್ಟರು.

"ನಿಜ ಆಗಿದ್ರೆ ಏನ್ ಮಾಡ್ತೀರ ಮಾವ?"

"ನಿಜ ಆಗಿದ್ರೆ ಹುಣಸೆ ಎಲ್ಲೋಯ್ತು? ಹೋಗಿ ಪೆದ್ದಾಗ್ಬೇಡ ಕಣ್ಲಾ!"

ನನಗೆ ಕೆಟ್ಟ ಸಿಟ್ಟು ಬಂತು. ನಿಮ್ಮ ಕಾನೂನನ್ನು ನೀವೇ ಉಪ್ಪಿನಕಾಯಿ ಹಾಕಿಕೊಳ್ಳಿ ಎಂದು ಕೂಗಿ, ಅಂಗಿ ತೊಟ್ಟು, ಇದ್ದ ದುಡ್ಡು ಹುಡುಕಿಕೊಂಡು ಓಡಿದೆ. ಬಸ್ ಹತ್ತಿದರೆ ಕಿಟಕಿಯ ಪಕ್ಕದಲ್ಲಿ ಯಾರು? ಮಾವ! ಒಂದು ಕಾಲಿಗೆ ತಮ್ಮ ಚಪ್ಪಲಿ, ಇನ್ನೊಂದಕ್ಕೆ ನನ್ನದು.

"ಸುಳ್ಳು ತಂತಿ ಕೊಟ್ಟೋನ್ನ ಹಿಡಿಯಾಕೆ ಬತ್ತೀನಿ" ಎಂದರು.

ದಾರಿಯುದ್ದಕ್ಕೂ ಆ ಕಾಗದ ಅವರ ಕೈಯಲ್ಲೇ ಇತ್ತು. ಸೂಳಗಿರಿ ದಾಟಿದ ಮೇಲೆ ಸಣ್ಣಗೆ ಗೊಣಗಿದರು: "ಸುಳ್ಳೇ ಕಣ್ಲಾ ಇದು. ಸುಳ್ಳಾಗ್ಲಪ್ಪಾ."

ನನ್ನ ಸಿಟ್ಟು ಅಲ್ಲಿಗೆ ಇಳಿಯಿತು.

ತಂತಿ ಸುಳ್ಳಾಗಿರಲಿಲ್ಲ. ಹೊಟ್ಟೆಯ ಆಪರೇಷನ್ ಆಗಿ ಅಮ್ಮ ಮಂಚದ ಮೇಲೆ ಮಲಗಿದ್ದಳು, ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಕಣ್ಣು ಬಿಡುವವರೆಗೆ ಏನೂ ಹೇಳಲಾಗದು ಎಂದು ಡಾಕ್ಟರು ಹೇಳಿ ಹೋಗಿದ್ದರು. ಮಾವನಿಗೆ ತಮ್ಮ ಭಯವನ್ನೆಲ್ಲ ಯಾರ ಮೇಲಾದರೂ ಹಾಕಬೇಕಿತ್ತು. ಅಪ್ಪ ಸಿಕ್ಕಿದರು.

"ಏನ್ ಭಾವ, ಹುಣಸೆ ಯಾಕೆ ಹಾಕ್ಲಿಲ್ಲ? ನಾನು ಬರದೇ ಇದ್ದಿದ್ರೆ?"

"ಯಾವ ಹುಣಸೆ ಭಾವ! ನನ್ನ ಹೆಸರೇ ಹಾಕೋದು ಮರ್ತುಬುಟ್ಟಿದ್ದೆ!" ಎಂದು ಅಪ್ಪ ಅತ್ತೇಬಿಟ್ಟರು.

ಆಗ ಮಂಚದಿಂದ ಒಂದು ಸಣ್ಣ ದನಿ ಬಂತು. ಅಮ್ಮನ ಕಣ್ಣು ಅರ್ಧ ತೆರೆದಿತ್ತು.

"ಹುಣಸೆ, ಅಣ್ಣಯ್ಯ."

ಮಾವ ಮಂಚದ ಪಕ್ಕ ಕುಸಿದು ಕೂತರು. "ಸರಿ, ರುಜುವಾತಾಯ್ತು" ಎನ್ನಲು ಹೋದರು, ಮಾತು ಅರ್ಧಕ್ಕೇ ಬಿಟ್ಟು ಕೈ ಚಾಚಿದರು. ಎಷ್ಟೋ ಜನರ ಹೆಬ್ಬೆಟ್ಟು ಹಿಡಿದು ಶಾಯಿಗೆ ಒತ್ತಿಸಿದ ಆ ಕೈ ಅಮ್ಮನ ಹೆಬ್ಬೆಟ್ಟನ್ನು ಹಿಡಿದುಕೊಂಡಿತು. ಸಂಜೆಯವರೆಗೂ ಬಿಡಲಿಲ್ಲ.