ಟೂ ಮಿನಿಟ್ಸ್ ಅಂದರೆ ಇಪ್ಪತ್ತೇಳು ನಿಮಿಷ

ಹೆಂಡತಿ ಸುಳ್ಳು ಹೇಳುತ್ತಾಳೆಂದು ಮುಳ್ಳಪ್ಪನವರು ಯಾವತ್ತೂ ದೂರಿದವರಲ್ಲ. ಕನ್ನಡದಲ್ಲಿ ಆಕೆ ಅಪ್ಪಟ ಸತ್ಯವಂತೆ. "ತಡ ಆಗುತ್ತೆ ಕಣ್ರೀ, ಕೂತ್ಕೊಳ್ಳಿ" ಎಂದರೆ ತಡವಾಗುತ್ತಿತ್ತು, ಇವರು ಕೂತಿರುತ್ತಿದ್ದರು, ಯಾರಿಗೂ ಮೋಸವಿಲ್ಲ. ತಕರಾರೆಲ್ಲ ಆಕೆ ಇಂಗ್ಲಿಷಿಗೆ ಹೊರಳಿದಾಗ. "ಒನ್ ಸೆಕೆಂಡ್", "ಜಸ್ಟ್ ಎ ಮಿನಿಟ್", "ಟೂ ಮಿನಿಟ್ಸ್ ರೀ" ಎಂಬ ಮಾತು ಆಕೆಯ ಬಾಯಿಂದ ಬಿತ್ತೆಂದರೆ ಮನೆಯ ಗಡಿಯಾರಕ್ಕೆ ಕವಡೆ ಕಿಮ್ಮತ್ತಿಲ್ಲ.

ಬೇರೆ ಗಂಡನಾಗಿದ್ದರೆ ಸಹಿಸಿಕೊಳ್ಳುತ್ತಿದ್ದನೋ ಏನೋ. ಇವರು ಬಸ್ ಡಿಪೋದ ಟೈಮ್‌ಕೀಪರ್. ಯಾವ ಬಸ್ಸು ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಹೋಯಿತು, ಬಂತು ಎಂದು ಬರೆಯುವುದೇ ಕೆಲಸ. ಡ್ರೈವರು "ಒಂದೆರಡು ನಿಮಿಷ ಲೇಟು ಸಾರ್" ಎಂದು ಹಲ್ಲು ಗಿಂಜಿದರೆ "ಒಂದೋ ಎರಡೋ, ಸರಿಯಾಗಿ ಹೇಳಯ್ಯ" ಎನ್ನುವ ಆಸಾಮಿ. ಮುಳ್ಳಪ್ಪ ಎಂಬ ಹೆಸರು ಡಿಪೋದವರು ಇಟ್ಟದ್ದು. (ಗಡಿಯಾರದ ಮುಳ್ಳು ಎಂದು ಇವರು ತಿಳಿದಿದ್ದರು. ಡ್ರೈವರುಗಳ ಮನಸ್ಸಿನಲ್ಲಿದ್ದದ್ದು ಅಂಗಾಲಿಗೆ ಚುಚ್ಚುವುದು.)

ಇಪ್ಪತ್ತೈದು ವರ್ಷ ಒಂದೇ ಒಂದು ನಿಮಿಷವೂ ತಡಮಾಡದೆ ಡಿಪೋದ ಗೇಟು ದಾಟಿದ್ದಕ್ಕೆ ಅವರಿಗೆ ಸನ್ಮಾನವೆಂದು ಗೊತ್ತಾಯಿತು. ಶನಿವಾರ ಬೆಳಿಗ್ಗೆ ಹತ್ತೂವರೆಗೆ, ದೊಡ್ಡ ಸಾಹೇಬರ ಕೈಯಿಂದ. "ಮನೆಯವರನ್ನೂ ಕರ್ಕೊಂಡು ಬನ್ನಿ" ಎಂದರು ಮ್ಯಾನೇಜರು. ಅಲ್ಲೇ ಬಂತು ಪೇಚಾಟ. ಆಕೆಯನ್ನು ಕರೆದುಕೊಂಡು ಹೊತ್ತಿಗೆ ಸರಿಯಾಗಿ ಒಂದು ಸಿನಿಮಾ ನೋಡಿದ ಚರಿತ್ರೆಯೂ ಇಲ್ಲ. ಹೊತ್ತು ಪಾಲಿಸಿದ್ದಕ್ಕೆ ಕೊಡುವ ಬಹುಮಾನಕ್ಕೇ ಹೊತ್ತು ಮೀರಿ ಹೋದರೆ ಡ್ರೈವರುಗಳು ಜೀವಮಾನವಿಡೀ ಆಡಿಕೊಂಡು ನಗುತ್ತಾರೆ.

ಆದ್ದರಿಂದ ಮೂರು ವಾರ ಅವರು ಗುಟ್ಟಾಗಿ ಮಹಾ ಸಂಶೋಧನೆಯೊಂದನ್ನು ನಡೆಸಿದರು. ಪೇಪರಿನ ಮರೆಯಲ್ಲಿ ಕೈಗಡಿಯಾರ ಹಿಡಿದು, ಆಕೆಯ ಇಂಗ್ಲಿಷನ್ನು ನಿಜವಾದ ನಿಮಿಷಗಳಿಗೆ ಅನುವಾದಿಸಿದರು. "ಒನ್ ಸೆಕೆಂಡ್" ಎಂದರೆ ಎಂಟು ನಿಮಿಷ. "ಜಸ್ಟ್ ಎ ಮಿನಿಟ್" ಹದಿನಾಲ್ಕು. "ಟೂ ಮಿನಿಟ್ಸ್" ಇಪ್ಪತ್ತೇಳು. ವಿಚಿತ್ರವೆಂದರೆ "ಫೈವ್ ಮಿನಿಟ್ಸ್" ಬರೀ ಹತ್ತೊಂಬತ್ತೇ. (ಐದು ಎಂದಾಗ ಬೀರುವಿನ ಬಾಗಿಲಾದರೂ ತೆಗೆದಿರುತ್ತಿದ್ದಳು.) "ಹಾಫ್ ಎ ಸೆಕೆಂಡ್" ಎಂದು ತಂಗಿಯ ಜೊತೆ ಫೋನಿಗೆ ಕೂತದ್ದನ್ನು ಮಾತ್ರ ಅಳೆಯಲಾಗಲಿಲ್ಲ, ಇವರಿಗೇ ನಿದ್ದೆ ಬಂತು.

ಸಾಲದೆಂದು ಇನ್ನೊಂದು ಭದ್ರತೆ. ಹತ್ತೂವರೆಯ ಸಮಾರಂಭವನ್ನು ಆಕೆಗೆ ಒಂಬತ್ತೂವರೆ ಎಂದು ಹೇಳಿಬಿಟ್ಟರು. ಇಪ್ಪತ್ತೈದು ವರ್ಷದಲ್ಲಿ ಟೈಮಿನ ಬಗ್ಗೆ ಹೇಳಿದ ಮೊದಲ ಸುಳ್ಳು. ನಾಲಿಗೆ ಸ್ವಲ್ಪ ತೊದಲಿತು, ಅಷ್ಟೇ.

ಶನಿವಾರ ಬಂತು. ಎಂಟು ಐವತ್ತಕ್ಕೆ ರೂಮಿನ ಬಾಗಿಲ ಹೊರಗೆ ನಿಂತು ಕೇಳಿದರು, "ಆಯ್ತೇನೇ?"

"ಟೂ ಮಿನಿಟ್ಸ್ ರೀ!"

ಇಪ್ಪತ್ತೇಳು! ಮುಳ್ಳಪ್ಪನವರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಫೋಟೋ ತೆಗೆಯುತ್ತಾರೆ, ಮೀಸೆ ಅರ್ಧ ಬೆಳ್ಳಗಿದೆ. ಡೈ ತಂದಿಟ್ಟು ವಾರವಾಗಿತ್ತು, ಹಚ್ಚಿ ಇಪ್ಪತ್ತೈದು ನಿಮಿಷ ಬಿಡಬೇಕೆಂದು ಪ್ಯಾಕೆಟ್ಟಿನ ಮೇಲೆ ಬರೆದಿತ್ತು. ಇದಕ್ಕಿಂತ ಒಳ್ಳೆಯ ಮುಹೂರ್ತ ಉಂಟೇ? ಬಚ್ಚಲಿಗೆ ಹೋಗಿ ದಪ್ಪಗೆ ಬಳಿದುಕೊಂಡರು.

ತಿರುಗಿ ನೋಡಿದರೆ ಹೆಂಡತಿ! ಚಪ್ಪಲಿ ಸಮೇತ ತಯಾರಾಗಿ, ಹೆಗಲಿಗೆ ಚೀಲ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾಳೆ. ಎಂಟು ಐವತ್ತೆರಡು.

"ಅಯ್ಯೋ, ಏನ್ರೀ ಇದು ಮುಖಕ್ಕೆ?"

"ನೀನು... ಇಷ್ಟು ಬೇಗ? ಟೂ ಮಿನಿಟ್ಸ್ ಅಂದ್ಯಲ್ಲ?"

"ಅದಕ್ಕೇ ಎರಡು ನಿಮಿಷಕ್ಕೆ ಬಂದೆ. ಇವತ್ತು ನಿಮ್ಮ ದಿನ. ನನ್ನಿಂದ ನಿಮ್ಮ ಮರ್ಯಾದೆ ಹೋಗಬಾರದು ಅಂತ ಐದು ಗಂಟೆಗೇ ಎದ್ದಿದೀನಿ. ತೊಳ್ಕೊಳ್ಳಿ ಅದನ್ನ, ಹೊರಡೋಣ."

ಆಗಲೇ ಬಾಯಿ ಬಿಟ್ಟಿದ್ದರೆ ಕಥೆ ಬೇರೆಯಾಗುತ್ತಿತ್ತು. ಬಿಟ್ಟರೆ ಸುಳ್ಳು ಹೊರಬೀಳುತ್ತದೆ, ಸುಳ್ಳಿನ ಹಿಂದೆಯೇ ಸಂಶೋಧನೆಯೂ ಬರುತ್ತದೆ. ಮುಳ್ಳಪ್ಪನವರು ಕಪ್ಪು ಮೀಸೆಯಡಿಯಿಂದ ಉಸುರಿದರು, "ಜಸ್ಟ್ ಫೈವ್ ಮಿನಿಟ್ಸ್ ಕಣೇ."

ಒಂಬತ್ತಾಯಿತು. ಒಂಬತ್ತೂ ಐದಾಯಿತು. ಆಕೆಗೆ ತಡೆಯಲಾಗಲಿಲ್ಲ. "ನೀವು ನಿಮ್ಮ ಶೃಂಗಾರ ಮುಗಿಸಿ ಬನ್ನಿ. ನಾನು ಆಟೋದಲ್ಲಿ ಮುಂದೆ ಹೋಗಿ, ಬರ್ತಿದ್ದಾರೆ ಅಂತ ಹೇಳಿರ್ತೀನಿ" ಎಂದು ದಡದಡನೆ ಹೊರಟೇಬಿಟ್ಟಳು.

ಮುಳ್ಳಪ್ಪನವರು ಬಚ್ಚಲ ಕನ್ನಡಿಯ ಮುಂದೆ ಒಬ್ಬರೇ ನಕ್ಕರು. ಒಂದು ಗಂಟೆ ಮುಂಚೆ ಹೋಗಿ ಖಾಲಿ ಕುರ್ಚಿಗಳ ಮುಂದೆ ಕೂರುತ್ತಾಳೆ, ಕೂರಲಿ! ಮೀಸೆಯ ಎಡಭಾಗ ತಿಳಿಯಾಗಿದೆಯೆಂದು ಇನ್ನೊಮ್ಮೆ ಬಳಿದರು. ಬೂಟಿಗೆ ಪಾಲಿಷ್ ಹಾಕಿದರು. ಭಾಷಣ ಬಾಯಿಪಾಠ ಮಾಡಿದರು. ನಡುವೆ ಫೋನು ಹೊಡೆದುಕೊಂಡಿತು, ಹೆಂಡತಿಯದು. ಎತ್ತಲಿಲ್ಲ. ಮತ್ತೆ ಹೊಡೆದುಕೊಂಡಿತು. ಕಾಯುವುದೆಂದರೆ ಏನೆಂದು ಇವತ್ತಾದರೂ ತಿಳಿಯಲಿ ಮಹಾರಾಯಿತಿಗೆ ಎಂದು ಫೋನನ್ನು ದಿಂಬಿನಡಿ ತಳ್ಳಿದರು. ಏಳು ಸಲ ಬಡಿದುಕೊಂಡು ಅದು ಸುಮ್ಮನಾಯಿತು.

ಸರಿಯಾಗಿ ಹತ್ತು ಇಪ್ಪತ್ತೈದಕ್ಕೆ ಸ್ಕೂಟರು ಡಿಪೋದ ಗೇಟು ದಾಟಿತು. ಐದು ನಿಮಿಷ ಮುಂಚೆ! ಎದೆಯುಬ್ಬಿಸಿ ಒಳಗೆ ಹೋದರೆ, ಇಬ್ಬರು ಮೆಕ್ಯಾನಿಕ್ಕುಗಳು ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು. ವೇದಿಕೆಯ ಮೆಟ್ಟಿಲ ಮೇಲೆ ಹೆಂಡತಿ, ತೊಡೆಯ ಮೇಲೆ ಬಹುಮಾನದ ಒಂದು ದೊಡ್ಡ ಬೆಳ್ಳಿ ಬಣ್ಣದ ಕಪ್.

"ಎಲ್ರೀ ಹಾಳಾಗಿ ಹೋಗಿದ್ರಿ? ನಿಮಗೇನಾದ್ರೂ ಆಯ್ತೇನೋ ಅಂತ ನನಗೆ ಜೀವವೇ ಹೋಗಿತ್ತು!"

"ಹತ್ತೂವರೆಗಲ್ವೇನೇ..." ಬಾಯಿ ತಪ್ಪಿ ಬಂದೇಬಿಟ್ಟಿತು.

"ಹತ್ತೂವರೆಯಾ? ನೀವೇ ತಾನೇ ಒಂಬತ್ತೂವರೆ ಅಂದಿದ್ದು? ನಿನ್ನೆ ಸಂಜೆ ನೀವು ಫೋನ್ ಮನೇಲೇ ಬಿಟ್ಟು ತರಕಾರಿಗೆ ಹೋದಾಗ ಮ್ಯಾನೇಜರೂ ಫೋನ್ ಮಾಡಿದ್ರು. ದೊಡ್ಡ ಸಾಹೇಬ್ರಿಗೆ ಬೇರೆ ಊರಿಗೆ ಹೋಗೋದಿದೆ, ಒಂಬತ್ತೂವರೆಗೇ ಇಟ್ಕೊಂಡಿದೀವಿ ಅಂದ್ರು. ನಮ್ಮವರು ನಾಲ್ಕು ದಿನದಿಂದ ಅದನ್ನೇ ಹೇಳ್ತಿದ್ದಾರೆ ಸಾರ್, ಅವರಿಗೆ ಟೈಮಿನ ವಿಷಯ ಹೊಸದಾಗಿ ಹೇಳಬೇಕಾ ಅಂದೆ. ಎಷ್ಟು ಹೆಮ್ಮೆಯಾಗಿತ್ತು ಗೊತ್ತಾ?"

ಮುಳ್ಳಪ್ಪನವರ ಮುಖದಲ್ಲಿ ಬಣ್ಣ ಉಳಿದದ್ದು ಮೀಸೆಯಲ್ಲಿ ಮಾತ್ರ.

"ಮತ್ತೆ... ನಾನಿಲ್ಲದೆ..."

"ನಿಮ್ಮವರು ಎಲ್ಲಿ ಅಂತ ಸಾಹೇಬ್ರು ಕೇಳಿದಾಗಲೆಲ್ಲ ಟೂ ಮಿನಿಟ್ಸ್ ಸಾರ್, ಟೂ ಮಿನಿಟ್ಸ್ ಸಾರ್ ಅಂದೆ. ಪಾಪ, ಅರ್ಧ ಗಂಟೆ ಕಾದ್ರು. ಆಮೇಲೆ ನನ್ನ ಕೈಗೇ ಕೊಟ್ಟು, ಇಂಥ ಶಿಸ್ತಿನ ಹೆಂಡತಿ ಇರೋದ್ರಿಂದಲೇ ಅವರು ಇಷ್ಟು ವರ್ಷ ಹೊತ್ತಿಗೆ ಸರಿಯಾಗಿ ಬಂದದ್ದು ಅಂತ ಮೈಕಿನಲ್ಲಿ ಹೇಳಿದ್ರು. ಡ್ರೈವರುಗಳ ಚಪ್ಪಾಳೆ ನಿಲ್ಲಲೇ ಇಲ್ಲ ಕಣ್ರೀ."

ಅಷ್ಟರಲ್ಲಿ ಒಬ್ಬ ಡ್ರೈವರು ಹಾಜರಿ ಪುಸ್ತಕ ಹಿಡಿದುಕೊಂಡು ಬಂದ. ಸೋಮವಾರವಷ್ಟೇ ನಾಲ್ಕು ನಿಮಿಷ ತಡವೆಂದು ಇವರು ಬರೆದು ಹಾಕಿದ್ದು ಇವನ ಹೆಸರನ್ನೇ. ಮುಖದಲ್ಲಿ ಅಪಾರ ವಿನಯ.

"ಇವತ್ತು ಎಲ್ಲರಿಗೂ ಒಂಬತ್ತೂವರೆ ಹಾಜರಿ ಸಾರ್. ನಿಮ್ಮನ್ನೇ ಕೇಳಿ ಬರ್ಕೊ ಅಂದ್ರು ಮ್ಯಾನೇಜರು. ತಮ್ಮದು ಎಷ್ಟು ನಿಮಿಷ ತಡ ಅಂತ ಬರೀಲಿ?"

ಮೆಕ್ಯಾನಿಕ್ಕುಗಳು ಕುರ್ಚಿ ಪೇರಿಸುವುದನ್ನು ನಿಲ್ಲಿಸಿದರು. ಐವತ್ತೈದು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದ ಮುಳ್ಳಪ್ಪನವರು ಕೈಗಡಿಯಾರವನ್ನು ಅಂಗಿಯ ತೋಳಿನೊಳಗೆ ಸರಿಸಿದರು. ಹೆಂಡತಿ ಅವರ ಮುಖವನ್ನೊಮ್ಮೆ ನೋಡಿದಳು. ಅಯ್ಯೋ ಅನ್ನಿಸಿತೇನೋ, ಬಹುಮಾನವನ್ನು ಪಕ್ಕಕ್ಕಿಟ್ಟು ಎದ್ದು ಬಂದಳು.

"ಜಸ್ಟ್ ಫೈವ್ ಮಿನಿಟ್ಸ್ ಅಂತ ಬರ್ಕೊಳ್ಳಪ್ಪ" ಎಂದಳು.

ಡ್ರೈವರು ಪೆನ್ನು ಎತ್ತಿ ಹಿಡಿದು ಇವರನ್ನೇ ನೋಡಿದ. "ಹೌದಾ ಸಾರ್?"

ಮುಳ್ಳಪ್ಪನವರು ಬೂಟಿನ ತುದಿ ನೋಡುತ್ತ ಹೇಳಿದರು, "ಹ್ಞೂಂ... ಸುಮಾರು ಅಷ್ಟೇ ಇರಬೇಕು."